ಖಂಡೆ ಪೂಜೆಗೆ ತೊಳೆದ ಕಂಪ್ಯೂಟರ್

2003ರಲ್ಲಿ ನಾನು ಗೋಕಾಕದಲ್ಲಿ ಕಂಪ್ಯೂಟರ್ ತರಬೇತಿ ಸಂಯೋಜಕನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ನನ್ನ ಬಳಿ ಇದ್ದದ್ದು ಒಂದು ಹಳೆಯ ಸ್ಕೂಟರ್, ಒಂದು ಸ್ಕ್ರೂಡ್ರೈವರ್ ಸೆಟ್ಟು ಮತ್ತು ಬೇಕಾದಷ್ಟು ಮಾತು. ಪರಿಶಿಷ್ಟ ಪಂಗಡದ ಮಕ್ಕಳು ಹೆಚ್ಚಾಗಿರುವ ಹಳ್ಳಿಶಾಲೆಗಳಿಗೆ ಎರಡೆರಡು ಕಂಪ್ಯೂಟರ್ ಕೊಡುವ ಯೋಜನೆ ಅದು. ಗೋಕಾಕ, ಹುಕ್ಕೇರಿ ಎರಡೂ ತಾಲೂಕು ನನ್ನ ಪಾಲಿಗೆ ಬಂದಿದ್ದವು. ಮೂಡಲಗಿ ಆಗಿನ್ನೂ ಗೋಕಾಕ ತಾಲೂಕಿನಲ್ಲೇ ಇತ್ತು.

ಹುಕ್ಕೇರಿ ತಾಲೂಕಿನ ದಡ್ಡಿಯಿಂದ ಆಚೆಗೆ ಬೇಡ ಸಮುದಾಯದ ಒಂದು ಸಣ್ಣ ಊರು. ಅಲ್ಲಿಯ ಶಾಲೆಗೆ ಜುಲೈ ತಿಂಗಳಲ್ಲಿ ಎರಡು ಕಂಪ್ಯೂಟರ್ ಇಳಿಸಿದೆವು. ಹೆಡ್ ಮಾಸ್ತರರು ಕೊಣ್ಣೂರಿನ ಪಾರೀಸ ಮಾಸ್ತರು, ಜೈನರು, ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. ಆದರೆ ಸರಕಾರಿ ಸಾಮಾನು ಎಂದರೆ ಅವರಿಗೆ ವಿಪರೀತ ಭಯ. ಆ ಭಯ ಮಕ್ಕಳಿಗೂ ಹತ್ತಿತ್ತು. ಮೊದಲ ದಿನ ಒಬ್ಬರೂ ಕೀಬೋರ್ಡ್ ಮುಟ್ಟಲಿಲ್ಲ.

ಅವರ ಭಯ ಬಿಡಿಸಲು ನಾನು ಒಂದು ಭಾಷಣ ಬಿಗಿದೆ. "ನಿಮ್ಮ ಅಪ್ಪಗ ಕುಡಗೋಲು ಹೆಂಗೋ, ನಿಮಗ ಇದು ಹಂಗ. ಇದು ನಿಮ್ಮ ಆಯುಧ. ಮನಿ ಸಾಮಾನಿನಂಗ ಜ್ವಾಕಿ ಮಾಡ್ರಿ," ಎಂದೆ. ಒರೆಸುವಾಗ ಮೊದಲು ಪಿನ್ನು, ಅಂದರೆ ಪ್ಲಗ್ಗು, ಕಿತ್ತಿಡಬೇಕು ಎಂದು ಮೂರು ಸಲ ಹೇಳಿಸಿದೆ. ಏಳನೇ ಇಯತ್ತೆಯ ಲಕ್ಕವ್ವ ಎಲ್ಲರಿಗಿಂತ ಮೊದಲು ಮುಂದೆ ಬಂದು ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿದಳು. ಶಾಲೆಯ ಪಕ್ಕದ ಮನೆಯೇ ಅವಳದು, ಹಾಗಾಗಿ ಕೋಣೆಯ ಕೀಲಿಯನ್ನು ಅವಳ ಕೈಗೆ ಕೊಟ್ಟೆವು. ಭಾಷಣ ಚೆನ್ನಾಗಿತ್ತೆಂದು ಸ್ಕೂಟರಿನ ಮೇಲೆ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಮನೆಗೆ ಬಂದೆ.

ಅಕ್ಟೋಬರಿನಲ್ಲಿ ದಸರೆ ರಜೆ ಬಂತು. ವಿಜಯದಶಮಿಯ ಸಂಜೆ ಬನ್ನಿ ಕೊಡಲು ಹೊರಡುತ್ತಿದ್ದಾಗ ಫೋನು ಬಂತು. ಶಾಲೆಯ ಊರವರಿಗೆ ಬನ್ನಿ ಕೊಡಲು ಹೋಗಿದ್ದ ಪಾರೀಸ ಮಾಸ್ತರು ದಡ್ಡಿಯ ಎಸ್‌ಟಿಡಿ ಅಂಗಡಿಯಿಂದ ಮಾತನಾಡುತ್ತಿದ್ದರು.

"ಸರ್, ಹುಡುಗೂರು ಕಂಪ್ಯೂಟರ್ ತೊಳದಾರ್ರಿ."

"ಒರಿಸ್ಯಾರೇನ್ರಿ?"

"ಒರಸೂದಲ್ರಿ. ತೊಳದಾರ. ಬಕೆಟ್ ನೀರಾಗ."

ಆಗ ಹೊಳೆಯಿತು. ಹಿಂದಿನ ದಿನ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಆ ಊರಲ್ಲಿ ಅಜ್ಜಂದಿರ ಕಾಲದ ಬೇಟೆಯ ಭರ್ಚಿಯಿಂದ ಹಿಡಿದು ಕುಡುಗೋಲು, ಕೊಡಲಿಯವರೆಗೆ ಎಲ್ಲ ಆಯುಧವನ್ನೂ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ನಾನೇನು ಪರವೂರಿನವನೇ? ಅದೇ ದಿನ ನಮ್ಮ ಮನೆಯ ಈಳಿಗೆ, ಹಾರೆ, ನನ್ನ ಸ್ಕೂಟರ್ ಎಲ್ಲವನ್ನೂ ನಾನೇ ತೊಳೆದು ಕುಂಕುಮ ಹಚ್ಚಿದ್ದೆ. ಆದರೂ ಜುಲೈನಲ್ಲಿ ಆಡಿದ ಮಾತು ಅಕ್ಟೋಬರಿನಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನ್ನ ಬುದ್ಧಿಗೆ ತಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಹೋದೆ. ಕೋಣೆಯಲ್ಲಿ ಕಂಪ್ಯೂಟರುಗಳ ಮುಂದೆ ಚೆಂಡುಹೂವು, ಹೋಳು ಮಾಡಿದ ಕಾಯಿ. ಕೀಬೋರ್ಡುಗಳನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದಿದ್ದರು. ಸಿಪಿಯು ಡಬ್ಬಿಗಳ ಮೇಲೆ ತಂಬಿಗೆಯಿಂದ ನೀರು ಹೊಯ್ದಿದ್ದರು. ಮಾನಿಟರನ್ನು ಮಾತ್ರ ಹಸಿ ಬಟ್ಟೆಯಿಂದ ಒರೆಸಿ ಬಿಟ್ಟಿದ್ದರು, ಪುಣ್ಯಕ್ಕೆ.

ಯೋಜನೆಯ ನಿಯಮ ಖಡಕ್ಕಾಗಿತ್ತು. ನಿಷ್ಕಾಳಜಿಯಿಂದ ಯಂತ್ರ ಕೆಟ್ಟರೆ ಉಳಿದದ್ದನ್ನೂ ಎತ್ತಿ ಯಾದಿಯಲ್ಲಿ ಮುಂದಿರುವ ಶಾಲೆಗೆ ಕೊಡಬೇಕು. ಮೂಡಲಗಿಯ ಒಂದು ಹೈಸ್ಕೂಲು ಸರದಿಯಲ್ಲಿ ಕಾದು ಕೂತಿತ್ತು. ಆದರೆ ಯಂತ್ರಕ್ಕಿಂತ ದೊಡ್ಡ ಚಿಂತೆ ಬೇರೆಯಿತ್ತು. ಗಾಬರಿಯಲ್ಲಿ ಪಾರೀಸ ಮಾಸ್ತರು ಜೀವನದಲ್ಲಿ ಮೊದಲ ಸಲ ಕೂಗಾಡಿ, ಪೊಲೀಸರು ಬರುತ್ತಾರೆ ಎಂದುಬಿಟ್ಟಿದ್ದರು. ಲಕ್ಕವ್ವನ ತಾಯಿ ಬಾಳವ್ವ ಮಗಳ ಬಟ್ಟೆ ಗಂಟು ಕಟ್ಟಿ ಇಟ್ಟಿದ್ದಳು.

"ಪೊಲೀಸರು ಬರೂದ್ರಾಗ ಕಣಗಲಾ ಊರಾಗಿನ ಅಕಿ ಸೋದರತ್ತಿ ಮನಿಗಿ ಕಳಸ್ತೀನ್ರಿ ಸಾಹೇಬ್ರ. ಸಾಲಿ ಸಾಕಾತು," ಎಂದಳು.

"ನಾಕು ದಿನ ತಡೀರಿ, ಬಾಳವ್ವ. ಯಾವ ಪೊಲೀಸರೂ ಬರೂದಿಲ್ಲ," ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಆದರೆ ಗಂಟನ್ನು ಒಳಗೆ ಇಟ್ಟಳು.

ಲಕ್ಕವ್ವ ಬಾಗಿಲ ಹಿಂದೆ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು. ಬೈಯಲು ಬಂದವನಲ್ಲ ಎಂದು ಹೇಳಿ, ಹೇಗೆ ತೊಳೆದಿರಿ ಎಂದು ಕೇಳಿದೆ. ನೆಲ ನೋಡುತ್ತ ಹೇಳಿದಳು: "ಮೊದ್ಲ ಪಿನ್ನ ತಗದೇವ್ರಿ. ಪಿನ್ನ ತಗೀಲಾರದ ಒರಸಬಾರದು ಅಂತ ನೀವ ಹೇಳಿದ್ರೆಲ್ರಿ. ಆಮ್ಯಾಲ ತೊಳದೇವಿ. ತೊಳೀಲಾರದ ಆಯುಧದ ಪೂಜಿ ಹೆಂಗ ಮಾಡೂದ್ರಿ?"

ನಾಚಿಕೆಯಾಯಿತು. ಅದರ ಜೊತೆಗೇ ಒಂದು ಆಸೆಯೂ ಹುಟ್ಟಿತು. ಕರೆಂಟು ಹರಿಯುತ್ತಿರುವಾಗ ನೀರು ಬಿದ್ದರೆ ಯಂತ್ರ ಸುಟ್ಟುಹೋಗುತ್ತದೆ. ಪಿನ್ನು ಕಿತ್ತಿದ್ದರೆ, ಪೂರ್ತಿ ಒಣಗುವವರೆಗೆ ಯಾರೂ ಸ್ವಿಚ್ ಹಾಕದಿದ್ದರೆ, ಬದುಕಿಕೊಳ್ಳಲೂಬಹುದು.

ಡಬ್ಬಿಗಳನ್ನು ಬಿಚ್ಚಿದೆ. ಒಳಗಿನ ಭಾಗಗಳನ್ನು ಒಂದೊಂದಾಗಿ ತೆಗೆದು, ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಬಿಳಿ ಧೋತರ ಹಾಸಿ ಹರವಿದೆ. ಹಪ್ಪಳ ಒಣಹಾಕಿದಂತೆಯೇ ಇತ್ತು. ಕೋಳಿ ಹತ್ತದಂತೆ ಮಕ್ಕಳು ಪಾಳಿಯ ಮೇಲೆ ಕಾದರು. ಪಾರೀಸ ಮಾಸ್ತರು ರಜೆ ಬಿಟ್ಟು ಅಲ್ಲಿಯೇ ಉಳಿದರು. ತಾವು ಕೂಗಾಡಿದ್ದಕ್ಕೆ ದಿನಕ್ಕೆರಡು ಸಲ ಬಾಳವ್ವನ ಕ್ಷಮೆ ಕೇಳುತ್ತಿದ್ದರಂತೆ.

ನಾಲ್ಕನೆಯ ದಿನ ಮತ್ತೆ ಬಂದು ಜೋಡಿಸಿದೆ. ಮೊದಲನೆಯದು ಏಳಲಿಲ್ಲ, ಅದರ ಮದರ್‌ಬೋರ್ಡ್ ಹೋಗಿತ್ತು. ಎರಡನೆಯದರ ಸ್ವಿಚ್ ಹಾಕಲು ಲಕ್ಕವ್ವನನ್ನು ಕರೆದೆ. ಅವಳು ಕೈ ಹಿಂದೆ ಕಟ್ಟಿಕೊಂಡಳು.

"ನನ್ನ ಕೈಲೆ ಬ್ಯಾಡ್ರಿ ಸರ್. ಇದೂ ಕೆಟ್ಟೀತು."

"ಕೆಟ್ರ ನಾ ಕೆಡಿಸಿದಂಗ. ನೀ ನಾ ಹೇಳಿದಂಗ ಮಾಡೀದಿ. ಹಾಕ, ತಂಗಿ."

ಅವಳು ತಾಯಿಯ ಮುಖ ನೋಡಿದಳು. ಬಾಳವ್ವ ಬಾಗಿಲಲ್ಲಿ ನಿಂತೇ "ಹಾಕ" ಎಂದಳು. ಒಳಗಿನ ಫ್ಯಾನು ಗುರ್‌ ಎಂದಿತು, ಮಾನಿಟರಿನ ಮೇಲೆ ಬಿಳಿ ಅಕ್ಷರ ಮೂಡಿದವು. ಪಾರೀಸ ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡುವುದೇನು? ಬಾಳವ್ವ ಮನೆಗೆ ಹೋಗಿ ಗಂಟು ಬಿಚ್ಚಿದಳು.

ವರದಿ ಬರೆಯುವುದು ಬಾಕಿ ಇತ್ತು. ಕೆಟ್ಟದ್ದಕ್ಕೆ ಹೊಣೆ ಯಾರು ಎಂಬ ಕಾಲಮ್ಮಿನಲ್ಲಿ ನನ್ನ ಹೆಸರು ಬರೆದೆ. ಕಾರಣದ ಕಾಲಮ್ಮಿನಲ್ಲಿ "ತರಬೇತುದಾರ ಅರ್ಧ ಹೇಳಿಕೊಟ್ಟಿದ್ದು" ಎಂದೆ. ಮೇಲಿನಿಂದ ಮೆಮೊ ಬಂತು, ಬೈಗುಳವೂ ಬಂತು. ಶಾಲೆಯ ನಿಷ್ಕಾಳಜಿ ಅಲ್ಲವೆಂದಾದ ಮೇಲೆ ಬದುಕಿದ ಕಂಪ್ಯೂಟರ್ ಎತ್ತಲು ಬರುವಂತಿರಲಿಲ್ಲ, ಅದು ಅಲ್ಲೇ ಉಳಿಯಿತು. ಲಕ್ಕವ್ವ ಆ ವರ್ಷ ಏಳನೇ ಇಯತ್ತೆ ಮುಗಿಸಿ ಮುಂದಿನ ಓದಿಗೆ ಹೋದಳು.

ಅಲ್ಲಿಂದ ಮುಂದೆ ಯಾವ ಊರಿಗೆ ತರಬೇತಿಗೆ ಹೋದರೂ ಮೊದಲು ಮಕ್ಕಳನ್ನು ಮಾತಾಡಲು ಬಿಟ್ಟು, ಆಮೇಲೆ ನಾನು ಬಾಯಿ ತೆರೆಯುತ್ತಿದ್ದೆ. ಕಂಪ್ಯೂಟರ್ ತೊಳೆದ ಆ ಮಕ್ಕಳು ನನ್ನ ಒಂದು ಮಾತನ್ನೂ ಕೆಳಗೆ ಬಿಟ್ಟಿರಲಿಲ್ಲ. ಅಷ್ಟೊಂದು ನಂಬುವವರ ಎದುರು ಎಷ್ಟು ಎಚ್ಚರದಿಂದ ಮಾತಾಡಬೇಕು ಎಂಬುದನ್ನು ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.