ಮೂಕರ ಬೀದಿಗೆ ಹೆಸರಿಟ್ಟ ಬೇಸಿಗೆ

ಆಗೆಲ್ಲ ಗುತ್ತಲಿನ ನಮ್ಮ ಬೀದಿಗೆ ಸರಿಯಾದ ಹೆಸರೇ ಇರಲಿಲ್ಲ. ಹೊರಗಿನವರು ‘ಮೂಕರ ಬೀದಿ’ ಎನ್ನುತ್ತಿದ್ದರು. ಬಾಗಿಲಲ್ಲಿ ನಿಂತು ಕೂಗಿದರೆ ಮೊದಲ ಕೂಗಿಗೆ ಯಾರೂ ಓಗೊಡುತ್ತಿರಲಿಲ್ಲ, ಅದಕ್ಕೆ. ಮಟಮಟ ಮಧ್ಯಾಹ್ನದ ಹೊತ್ತು ನಮ್ಮವರ ದನಿಯಲ್ಲೇ ಏನೋ ಒಂದು ಬಂದು ಕರೆಯುತ್ತದೆ, ಆದರೆ ಎರಡನೇ ಸಲ ಕರೆಯಲು ಅದರ ಕೈಲಾಗದು ಎಂದು ನಮ್ಮಜ್ಜಿಯಂಥವರ ನಂಬಿಕೆ. ಪೋಸ್ಟ್‌ಮ್ಯಾನ್, ಗ್ಯಾಸ್ ಸಿಲಿಂಡರ್ ತರುವವನು, ಎಲ್ಲರೂ ಗೊಣಗಿಕೊಂಡೇ ಇನ್ನೊಂದು ಸಲ ಕೂಗುತ್ತಿದ್ದರು.

ಮೊದಲ ಕೂಗಿಗೇ ಎದ್ದು ಬರುತ್ತಿದ್ದವರು ಒಬ್ಬರೇ, ಬೀದಿಯ ಕೊನೆಯ ಮನೆಯ ಪಾಸ್ಟರ್ ಜೀವಾನಂದ. ಮನೆಗೆ ಅಂಟಿಕೊಂಡೇ ಶೀಟು ಹೊದಿಸಿದ ಅವರ ಪ್ರಾರ್ಥನಾಲಯ. ಬ್ಯಾಪ್ಟಿಸ್ಟ್ ಸಭೆಯವರಾದ್ದರಿಂದ ಅವರಲ್ಲಿ ದೀಕ್ಷಾಸ್ನಾನ ಎಂದರೆ ತಲೆಗೆ ನೀರು ಚಿಮುಕಿಸುವುದಲ್ಲ, ಪೂರ್ತಿ ಮುಳುಗಿಸುವುದು. ಬಿಳಿ ಬಟ್ಟೆ ಉಟ್ಟವರನ್ನು ಅವರು ಬೀದಿಯಾಚೆಯ ನಾಲೆಯ ಮೆಟ್ಟಿಲಿಳಿಸಿ, ಬೆನ್ನಿಗೆ ಕೈಕೊಟ್ಟು ನೀರೊಳಗೆ ಮಲಗಿಸಿ ಎತ್ತುವಾಗ ನಾವು ಮಕ್ಕಳು ಏರಿಯ ಮೇಲೆ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆವು. ಎದ್ದವರ ಮುಖ ಬೇರೆ ಯಾರದೋ ಅನ್ನಿಸುತ್ತಿತ್ತು.

ಪಕ್ಕದ ಮನೆಯ ಪುಟ್ಟತಾಯಕ್ಕನಿಗೆ ನಡುಮಧ್ಯಾಹ್ನ ಹೆರಿಗೆ ನೋವು ಬಂದು ಕಿರುಚಿದಾಗ ಬೀದಿಯ ಬಾಗಿಲುಗಳೆಲ್ಲ ಎರಡನೇ ಕೂಗಿಗೆ ಕಾಯುತ್ತಿದ್ದವು. ಅವಳಿಗೆ ಇನ್ನೊಮ್ಮೆ ಕೂಗುವ ಶಕ್ತಿ ಇರಲಿಲ್ಲ. “ಬಂದೆ ಕಣವ್ವ” ಎಂದು ಓಡಿ ಬಂದು ಆಟೋಗೆ ಹತ್ತಿಸಿದವರು ಪಾಸ್ಟರು. ತಾಯಿ ಮಗು ಇಬ್ಬರೂ ಉಳಿದರು.

“ನಿಮ್ಗೆ ಎದ್ರಿಕೆ ಆಗಾಕಿಲ್ವಾ ಅಯ್ನೋರೆ? ಕರ್ದಿದ್ದು ಅದೇ ಆಗಿದ್ರೆ?” ಎಂದು ಅಜ್ಜಿ ಕೇಳಿದ್ದಳು.

“ಅದ್ಕೂ ಏನೋ ಕಷ್ಟ ಇದ್ರೆ ತಾನೇ ಕರೆಯೋದು?” ಎಂದು ಅವರು ನಕ್ಕಿದ್ದರು.

ಆ ಬೇಸಿಗೆ ರಜೆಯಲ್ಲಿ ಒಂದು ದಿನ ಅವ್ವ ಬೆಳಿಗ್ಗೆಯೇ ಕೆರಗೋಡಿಗೆ ಹೋಗಿದ್ದಳು, ಸಂಜೆ ಬಸ್ಸಿಗೆ ಬರುವವಳು. ನಾನು ಬಾಗಿಲ ಹಿಂದೆ ತಂಪು ನೆಲದ ಮೇಲೆ ಕೂತು ಹುಣಸೆಹಣ್ಣಿಗೆ ಉಪ್ಪು, ಖಾರದಪುಡಿ, ಬೆಲ್ಲ ಹಾಕಿ ಕುಟ್ಟುತ್ತಿದ್ದೆ. ಕುಂಟೆಬಿಲ್ಲೆಯ ಗೆರೆಗಳಷ್ಟೇ ಉಳಿದು ಬೀದಿ ಖಾಲಿಯಾಗಿತ್ತು. ಕಾಗೆ ಕೂಡ ಕೂಗುತ್ತಿರಲಿಲ್ಲ.

“ಮಗಾ, ಬಾ ಇಲ್ಲಿ.”

ಅವ್ವನ ದನಿ. ಸುಸ್ತಾದಾಗ ಅವಳು ಕೊನೆಯ ಮಾತನ್ನು ಎಳೆಯುವ ರೀತಿಯೂ ಅದೇ. ನಾನು ಎದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯ ಒರಟು ಕೈ ನನ್ನ ಬಾಯಿ ಮುಚ್ಚಿತ್ತು.

ಹೊರಗೆ ಪಾಸ್ಟರ ದನಿ ಕೇಳಿಸಿತು. “ಬಂದೆ ಕಣವ್ವ.” ಆಮೇಲೆ ಚಪ್ಪಲಿಯ ಸದ್ದು ನಾಲೆಯ ಕಡೆಗೆ ದೂರವಾಯಿತು.

ಸಂಜೆ ಆ ಚಪ್ಪಲಿಗಳು ನಾಲೆಯ ಮೆಟ್ಟಿಲ ಮೇಲಿದ್ದವು. ಮಾರನೆಯ ದಿನ ಕೆಳಗಿನ ತೂಬಿನ ಹತ್ತಿರ ಅವರು ಸಿಕ್ಕರು. ಅವರು ಚೆನ್ನಾಗಿ ಈಜು ಬಲ್ಲವರು. ನೀರಿಗೆ ಬಿದ್ದವರು ಬೇರೆ ಯಾರೂ ಇರಲಿಲ್ಲ, ಸುತ್ತಲ ಯಾವ ಮನೆಯಲ್ಲೂ ಯಾರೂ ಕಾಣೆಯಾಗಿರಲಿಲ್ಲ. ಅವರ ಹೆಂಡತಿ ಸುಗುಣಮ್ಮ ಹೇಳಿದ್ದು ಇಷ್ಟೇ: “ಉಣ್ತಾ ಕೂತಿದ್ರು. ನಮ್ಮವ್ವ ಕರ್ದಂಗಾಯ್ತು ಕಣೆ ಅಂತ ಎದ್ದೋದ್ರು.” ಪಾಸ್ಟರ ತಾಯಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ವಾರ್ಡಿನ ಮೆಂಬರು ಬೀದಿಗೆ ಪಾಸ್ಟರ ಹೆಸರಿಡೋಣ ಎಂದು ಎಲ್ಲರನ್ನೂ ಪ್ರಾರ್ಥನಾಲಯದ ಮುಂದೆ ಸೇರಿಸಿದರು. ಪುಟ್ಟತಾಯಕ್ಕ ಮಗುವನ್ನೆತ್ತಿಕೊಂಡೇ ಬಂದಿದ್ದಳು. ಬೇಡ ಎಂದವಳು ನಮ್ಮಜ್ಜಿ ಒಬ್ಬಳೇ.

“ದೊಡ್ಡ ಮನುಸ್ರು, ಇಲ್ಲ ಅನ್ನಾಕಿಲ್ಲ. ಆದ್ರೆ ಬೋರ್ಡ್ ಆಕುದ್ರೆ ದಾರಿಲಿ ಓಗೋರು ಬರೋರು ದಿನಾ ಅವ್ರ ಎಸ್ರು ಕೂಗ್ತಾರೆ. ಕೂಗುದ್ರೆ ಸುಮ್ನಿರೋ ಪಿರಾಣ ಅಲ್ಲ ಅದು. ಸತ್ಮ್ಯಾಲಾದ್ರೂ ಮಲಿಕ್ಕೊಳ್ಲಿ ಬುಡಿ.”

ಯಾರೂ ನಗಲಿಲ್ಲ. ಸುಗುಣಮ್ಮ ಎದ್ದು ಬಂದು ಅಜ್ಜಿಯ ಪಕ್ಕ ಕೂತರು. “ಮನೇಲಿ ಈಗ ಅವ್ರ ಎಸ್ರು ಇಡ್ದು ಕರ್ಯೋರು ಯಾರವ್ರೆ ಅಜ್ಜಿ? ಬೀದಿಯೋರಾದ್ರೂ ಕರೀಲಿ. ನಂಗೆ ಕೇಳಿಸ್ತಿರ್ಲಿ.”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು “ಆಗ್ಲಿ ಬುಡವ್ವ” ಎಂದಳು. ‘ಪಾಸ್ಟರ್ ಜೀವಾನಂದ ಬೀದಿ’ ಎಂಬ ನೀಲಿ ಬೋರ್ಡು ಬಂತು.

ಬೋರ್ಡು ಬಂದ ಮೊದಲ ಭಾನುವಾರ ಮಧ್ಯಾಹ್ನ ಯಾರದೋ ಮನೆ ಹುಡುಕುತ್ತ ಒಬ್ಬ ಆಟೋದವನು ಬಂದ. “ಜೀವಾನಂದ ಬೀದಿ ಇದೇನಾ?” ಎಂದು ಜೋರಾಗಿ ಕೂಗಿದ, ಒಂದೇ ಸಲ. ಬೀದಿಯ ಬಾಗಿಲುಗಳೆಲ್ಲ ತೆರೆದವು. ನಮ್ಮಜ್ಜಿಯೇ ಎಲ್ಲರಿಗಿಂತ ಮುಂದೆ ಹೊಸ್ತಿಲು ದಾಟಿದ್ದಳು.

ಆಟೋದವನು ನಮ್ಮ ಕಡೆ ನೋಡಲೇ ಇಲ್ಲ. ಬೀದಿಯ ಕೊನೆಗೆ ಕಣ್ಣು ನೆಟ್ಟು, “ಆ ಯಜಮಾನ್ರು ಬಂದೆ ಅಂದ್ರಲ್ಲ, ಎಲ್ಲೋದ್ರು?” ಎಂದ.

ಅಲ್ಲಿ ಪ್ರಾರ್ಥನಾಲಯದ ಬಾಗಿಲಿಗೆ ಬೀಗ ಹಾಕಿತ್ತು. ಸುಗುಣಮ್ಮ ಜಗಲಿಯ ಮೇಲೆ ಒಬ್ಬರೇ ಅಕ್ಕಿ ಆರಿಸುತ್ತ ಕೂತಿದ್ದರು. ಅವರು ತಲೆಯೆತ್ತಿರಲಿಲ್ಲ, ಕೈ ಮಾತ್ರ ಮೊರದ ಮೇಲೆ ನಿಂತುಹೋಗಿತ್ತು.

ಈಗ ಅಜ್ಜಿ ಇಲ್ಲ. ಸುಗುಣಮ್ಮ ತಂಗಿಯ ಮನೆಗೆಂದು ಮಳವಳ್ಳಿಗೆ ಹೋದವರು ಅಲ್ಲೇ ತೀರಿಕೊಂಡರು. ಬೀದಿ ಫೋನಿನ ನಕ್ಷೆಯಲ್ಲಿ ‘ಪಿ.ಜೆ. ರಸ್ತೆ’ ಆಗಿದೆ, ಪಾರ್ಸೆಲ್ ತರುವ ಹುಡುಗರಿಗೆ ಅಷ್ಟು ಸಾಕು. ಮನೆಮನೆಗೂ ಕಾಲಿಂಗ್ ಬೆಲ್ ಬಂದಿದೆ. ಒಬ್ಬರ ದನಿ ಇನ್ನೊಬ್ಬರಿಗೆ ಗುರುತಿಲ್ಲ.

ಅವ್ವನೂ ಹೋಗಿ ಕೆಲವು ವರ್ಷಗಳಾದವು. ಫೋಟೋಗಳಿವೆ, ಸೀರೆಗಳಿವೆ, ದನಿ ಮಾತ್ರ ಎಲ್ಲೂ ಉಳಿದಿಲ್ಲ. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ಹೋದರೆ ಅವಳು ಬೈದದ್ದು, ನಕ್ಕದ್ದು, ಜೋಗುಳ ಹಾಡಿದ್ದು ಯಾವುದೂ ಕಿವಿಗೆ ಬರುವುದಿಲ್ಲ. ಸ್ಪಷ್ಟವಾಗಿ ಕೇಳುವುದು ಒಂದೇ, ಅವಳು ಊರಿನಲ್ಲೇ ಇರದಿದ್ದ ಆ ಮಧ್ಯಾಹ್ನ ನನ್ನನ್ನು ಕರೆದ ದನಿ. ಅವ್ವನದೆಂದು ನನ್ನ ಹತ್ತಿರ ಈಗ ಇರುವುದು ಅಷ್ಟೇ.