ಮೀಟರಣ್ಣ ಅಗುಳಿ ಹಿಡಿದು ನಿಂತದ್ದು

ಹಣ್ಣು ಕೆಡದಂತೆ ಇಡುವ ಆ ಕೋಲ್ಡ್ ಸ್ಟೋರೇಜಿನಲ್ಲಿ ಅವನನ್ನು ಎಲ್ಲರೂ ಮೀಟರಣ್ಣ ಎಂದೇ ಕರೆಯುತ್ತಿದ್ದರು. ತಂಪು ಮಾಡುವ ಅಮೋನಿಯಾ ಅನಿಲದ ಒತ್ತಡ ಎಷ್ಟಿದೆ ಎಂದು ಮೆಷಿನ್ ರೂಮಿನ ಮೀಟರುಗಳನ್ನು ಗಂಟೆಗೊಮ್ಮೆ ನೋಡಿ ಬರೆದಿಡುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದ. ಹುಟ್ಟಾ ಪುಕ್ಕಲ ಮನುಷ್ಯ. ಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗಿದರೆ ಸಾಕು, ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ. “ನಿಮ್ಮನ್ನ ಕಟ್ಕೊಂಡು ನನ್ನ ಕುಕ್ಕರಿಗೂ ಕಾವಲುಗಾರ ಸಿಕ್ಕಂಗಾಯ್ತು” ಎಂದು ಹೆಂಡತಿ ನಗುತ್ತಿದ್ದಳು.

ಅವಳಿಗೆ ಒಬ್ಬನೇ ತಮ್ಮ. ತಾಯಿ ತೀರಿಕೊಂಡಾಗ ಅವನಿನ್ನೂ ನಾಲ್ಕು ವರ್ಷದ ಕೂಸು. ಇವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಈಗ ಅವನಿಗೆ ಮೂವತ್ತು ದಾಟಿತ್ತು. ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಗಟ್ಟಿಗ. ಮೀಟರಣ್ಣನೇ ಮಾಲೀಕನಿಗೆ ಹೇಳಿ ಭಾಮೈದನನ್ನು ತನ್ನ ಮೆಷಿನ್ ರೂಮಿಗೆ ಸೇರಿಸಿಕೊಂಡಿದ್ದ.

ಆ ಕಟ್ಟಡ ಕಟ್ಟಿದವರು ಯಾವ ಬುದ್ಧಿಯಲ್ಲಿ ಕಟ್ಟಿದರೋ, ಮೆಷಿನ್ ರೂಮಿನ ಕಬ್ಬಿಣದ ಬಾಗಿಲು ನೇರವಾಗಿ ಹಣ್ಣು ಆರಿಸುವ ದೊಡ್ಡ ಹಾಲಿಗೇ ತೆರೆಯುತ್ತಿತ್ತು. ಹಾಲಿನಿಂದ ಕೆಳಗಿಳಿಯಲು ಇದ್ದದ್ದು ಒಂದೇ ಇಕ್ಕಟ್ಟಾದ ಮೆಟ್ಟಿಲು. ಅಂದು ಬೆಳಿಗ್ಗೆ ಅಲ್ಲಿ ನಲವತ್ತೊಂದು ಹೆಂಗಸರು ಕೆಲಸಕ್ಕೆ ಕೂತಿದ್ದರು. ಮೀಟರಣ್ಣ ನೀರು ಕುಡಿಯಲೆಂದು ಹಾಲಿಗೆ ಬಂದಿದ್ದ. ಭಾಮೈದ ಒಳಗೆ, ತೀರಾ ಹಿಂದುಗಡೆ, ಬೋಲ್ಟು ಬಿಗಿ ಮಾಡುತ್ತಿದ್ದ.

ಢಬ್ ಎಂಬ ಸದ್ದು. ಆಮೇಲೆ ಬುಸ್ಸೆಂದು ನಿಲ್ಲದ ಶಬ್ದ. ತೆರೆದ ಬಾಗಿಲಿನಿಂದ ಬಿಳಿ ಹೊಗೆಯಂಥದ್ದು ನುಗ್ಗಿ ಬಂತು. ಮೀಟರಣ್ಣ ಬಾಗಿಲಿಗೆ ಓಡಿದ. ಕಣ್ಣಿಗೆ ಖಾರದ ಪುಡಿ ಎರಚಿದಂತಾಯಿತು. “ಬಾರೋ! ಈ ಕಡೆ ಬಾ!” ಎಂದು ಕಿರುಚಿದ. ಒಳಗೆ ಏನೂ ಕಾಣಲಿಲ್ಲ. ಹಿಂದೆ ತಿರುಗಿದರೆ ಮೆಟ್ಟಿಲ ಬಾಯಲ್ಲಿ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ದಾರಿ ಕಟ್ಟಿಹೋಗಿತ್ತು. ಕೆಮ್ಮು, ಚೀರಾಟ. ಅನಿಲ ಆಗಲೇ ಅರ್ಧ ಹಾಲ್ ತುಂಬಿತ್ತು.

ಅವನು ಬಾಗಿಲು ಎಳೆದು ಮುಚ್ಚಿದ. ಅಗುಳಿ ಹಾಕದೆ ಆ ಬಾಗಿಲು ನಿಲ್ಲುತ್ತಿರಲಿಲ್ಲ; ಅಗುಳಿಯನ್ನೂ ಹಾಕಿದ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಡಿತ ಶುರುವಾಯಿತು.

“ಭಾವಾ! ಬಾಗಿಲು ತೆಗೀರಿ ಭಾವಾ!”

ಅಂಥ ಹೊತ್ತಿನಲ್ಲೂ ಹುಡುಗ ‘ತೆಗೀರಿ’ ಎಂದೇ ಅಂದ. ಮೀಟರಣ್ಣನ ಕೈ ಅಗುಳಿಯ ಮೇಲೇ ಇತ್ತು. ಕಬ್ಬಿಣ ಅದುರುವುದು ಅಂಗೈಗೆ ತಾಗುತ್ತಿತ್ತು. ಒಂದು ಗಳಿಗೆ ತೆಗೆದು ಎಳೆದುಕೊಂಡರೆ? ತೆಗೆದ ಬಾಗಿಲು ಮತ್ತೆ ಮುಚ್ಚಲು ಆಗದಿದ್ದರೆ? ಮೆಟ್ಟಿಲ ಹತ್ತಿರ ಇನ್ನೂ ಇಪ್ಪತ್ತು ಜನ ಇದ್ದರು. ಅವನು ಅಗುಳಿಯಿಂದ ಕೈ ತೆಗೆಯಲಿಲ್ಲ. ಆಮೇಲೆ ಬಡಿತ ನಿಂತಿತು. ಬಡಿತಕ್ಕಿಂತ ಅದು ನಿಂತದ್ದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

ಕೊನೆಯ ಹೆಂಗಸು ಇಳಿದದ್ದನ್ನು ನೋಡಿದ ಮೇಲೆ, ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಅಗುಳಿ ತೆಗೆದು ಒಳಗೆ ಹೋದ. ಭಾಮೈದ ನೀರಿನ ನಲ್ಲಿಯ ಕೆಳಗೆ, ತಲೆಗೆ ಒದ್ದೆ ಗೋಣಿಚೀಲ ಹೊದ್ದು, ನೆಲಕ್ಕೆ ಮೂಗು ಒತ್ತಿ ಬಿದ್ದಿದ್ದ. ಉಸಿರಿತ್ತು.

ಆಸ್ಪತ್ರೆಯಲ್ಲಿ ಭಾಮೈದನ ಕಣ್ಣಿಗೆ ಪಟ್ಟಿ ಕಟ್ಟಿದರು. ಗಂಟಲು ಸುಟ್ಟಿದ್ದರಿಂದ ಮಾತಿಲ್ಲ. ಬಾಗಿಲು ಸಿಕ್ಕಿಹಾಕಿಕೊಂಡಿತ್ತು ಎಂದು ಊರಿಗೆ ಊರೇ ಹೇಳಿತು. ಹೆಂಡತಿಯೂ ಅದನ್ನೇ ನಂಬಿದಳು. ಮೀಟರಣ್ಣ ಅಲ್ಲ ಅನ್ನಲಿಲ್ಲ. ಹಣ್ಣು ಆರಿಸುವ ಹೆಂಗಸರು ಬಂದು ಅವನ ಕೈ ಹಿಡಿದು ಅತ್ತರು. ಹದಿನಾರು ದಿನ ಆ ಮಂಚದ ಪಕ್ಕ ಕೂತು ಭಾಮೈದನ ತುಟಿಯನ್ನೇ ನೋಡಿದ. ಬದುಕಲಿ ಎಂದು ಬೇಡಿಕೊಳ್ಳುತ್ತಿದ್ದ. ಮಾತು ಬರುವುದು ಇನ್ನೆರಡು ದಿನ ತಡವಾಗಲಿ ಎಂದೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಆ ಎರಡನೆಯದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಹದಿನೇಳನೆಯ ದಿನ ಅಕ್ಕ ಚಮಚದಲ್ಲಿ ನೀರು ಕುಡಿಸುತ್ತಿದ್ದಾಗ ಭಾಮೈದ ಗೊಗ್ಗರು ದನಿಯಲ್ಲಿ ಕೇಳಿದ: “ಭಾವ ಇದ್ದಾರಾ?”

“ಇಲ್ಲೇ ಇದ್ದೀನಿ.”

“ಹೆಂಗಸರೆಲ್ಲ ಇಳಿದ್ರಾ?”

“ಇಳಿದ್ರು. ಎಲ್ಲರೂ.”

“ನಾನು ಬಡಿದದ್ದು ಕೇಳಿಸ್ತಾ ನಿಮಗೆ?”

ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಮೀಟರಣ್ಣ ಹೇಳಿದ: “ಕೇಳಿಸ್ತು. ಅಗುಳಿ ನಾನೇ ಹಾಕಿದ್ದು. ನಾನೇ ಹಿಡ್ಕೊಂಡು ನಿಂತಿದ್ದೆ.”

ಹೆಂಡತಿಯ ಕೈಯ ಚಮಚ ಅರ್ಧದಲ್ಲೇ ನಿಂತಿತು.

ಭಾಮೈದ ಪಟ್ಟಿ ಕಟ್ಟಿದ ಮುಖವನ್ನು ಭಾವನ ದನಿ ಬಂದ ಕಡೆ ತಿರುಗಿಸಿದ. “ನೀವು ಮಾಡಿದ್ದು ತಪ್ಪು ಅಂತ ನಾನು ಅನ್ನಲ್ಲ ಭಾವ. ಸರಿ ಅನ್ನೋಕೂ ನನ್ನ ಕೈಲಿ ಆಗಲ್ಲ. ಅದೊಂದು ಕೇಳ್ಬೇಡಿ.”

ಅಂದು ಸಂಜೆ ಬಸ್ಸಿನಲ್ಲಿ ಹೆಂಡತಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಮೂರು ಸ್ಟಾಪು ದಾಟಿದ ಮೇಲೆ ಕೇಳಿದಳು: “ಒಳಗೆ ನಾನಿದ್ದಿದ್ರೆ?”

ಅವನು ಬಾಯಿ ತೆರೆದ.

“ಬೇಡ, ಹೇಳ್ಬೇಡಿ. ತೆಗೀತಿದ್ದೆ ಅಂದ್ರೆ ನನ್ನ ತಮ್ಮನ ಮುಖ ನೋಡೋಕಾಗಲ್ಲ. ತೆಗೀತಿರಲಿಲ್ಲ ಅಂದ್ರೆ ನಿಮ್ಮ ಮುಖ ನೋಡೋಕಾಗಲ್ಲ.”

ಭಾಮೈದನಿಗೆ ಒಂದು ಕಣ್ಣು ಉಳಿಯಿತು. ಅವನು ಮೋಟಾರ್ ರಿಪೇರಿ ಅಂಗಡಿ ಸೇರಿದ. ಅಕ್ಕನ ಮನೆಗೆ ಭಾವ ಇಲ್ಲದ ಹೊತ್ತು ನೋಡಿ ಬರುತ್ತಾನೆ. ಮೀಟರಣ್ಣ ಮಾಲೀಕನ ಮುಂದೆ ನಿಂತು, ಮೆಷಿನ್ ರೂಮಿನ ಹಿಂದಿನ ಗೋಡೆಗೆ ಇನ್ನೊಂದು ಬಾಗಿಲು ಒಡೆಸುವವರೆಗೆ ಯಂತ್ರ ಮುಟ್ಟುವುದಿಲ್ಲ ಎಂದ. ಜನ್ಮದಲ್ಲಿ ಅವನು ಯಾರಿಗಾದರೂ ಎದುರು ಹೇಳಿದ್ದು ಅದೇ ಮೊದಲು. ಮಾಲೀಕ ಎರಡು ತಿಂಗಳು ಸತಾಯಿಸಿ ಒಡೆಸಿಕೊಟ್ಟ. ಗೋಡೆ ಒಡೆಯುವ ದಿನ ಮೀಟರಣ್ಣ ಹೋಗಿ ನಿಂತಿದ್ದ. ಸುತ್ತಿಗೆಯ ಮೊದಲ ಪೆಟ್ಟು ಬೀಳುತ್ತಲೇ ಕಿವಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತ.