ಎದೆ ಅಳೆಯೋ ಕೋಚ್

ಕುಂಬಾರಕೊಪ್ಪಲಲ್ಲಿ ಕಮಾಂಡೋ ಸೆಲೆಕ್ಷನ್‌ಗೆ ತಯಾರಿ ಮಾಡ್ಸೋ ಕೋಚ್ ಒಬ್ರಿದ್ರು. ಕುತ್ತಿಗೇಲಿ ಟೈಲರ್ ಟೇಪು, ಬಾಯಲ್ಲಿ ಒಂದೇ ಮಾತು: "ಎದೆ ನೋಡ್ರೀ, ಎದೆ!" ಬೇರೆಯವರ ಎದೆ ಅಳೆಯೋವಾಗ ತಮ್ಮ ಹೊಟ್ಟೆ ಒಳಕ್ಕೆಳ್ಕೊಳೋರು.

ಕಮಾಂಡೋ ಆಗ್ಬೇಕು ಅಂತ ಸಣಕಲು ಸಿಪಾಯಿ ಒಬ್ಬ ರಜದಲ್ಲಿ ಅವರತ್ರ ಬಂದ. ಟೇಪು ಸುತ್ತಿ, "ಇವ್ನು ಆಗಲ್ಲ ಬುಡ್ರೀ" ಅಂದ್ರು. ಆದ್ರೂ ಮರಳು ಚೀಲ ಹೊರಿಸಿ ಎಲ್ಲರ ಜೊತೆ ಚಾಮುಂಡಿ ಬೆಟ್ಟದ ಮೆಟ್ಲು ಹತ್ತಕ್ಕೆ ಬಿಟ್ರು. ಕೊನೇಲಿ ಬಂದೋನು ಔಟು.

ಪಕ್ಕದ್ಮನೆ ಮುದುಕ ನಾನು, ಸುಮ್ನಿರೋ ಆಸಾಮಿನಾ? ಆ ಟೇಪಿಗೊಂದು ಪಾಠ ಕಲಿಸೋಣ ಅಂತ, ಹತ್ತೋಕೆ ಮುಂಚೇನೇ ಅವನ ಚೀಲಕ್ಕೆ ನಮ್ಮನೆ ರುಬ್ಬೋ ಗುಂಡು ತುರುಕಿ, ಬಸ್ಸತ್ತಿ ಮೇಲೋಗಿ ಕಾದೆ.

ಅವ್ನು ಕೊನೇಲಿ ಬಂದ.

"ಮನೆಗೋಗಪ್ಪ" ಅಂದ್ರು ಕೋಚ್.

"ಸಾರ್, ಆ ಚೀಲ ಒಸಿ ಎತ್ತಿ" ಅಂದೆ. ಎತ್ತಕ್ಕೋಗಿ ಅಲ್ಲೇ ಕೂತ್ಬುಟ್ರು. ಒಳಗಿದ್ದ ಗುಂಡು ತೆಗೆದು ತೋರಿಸ್ದೆ.

ಸಿಪಾಯಿ ನಕ್ಕ. "ಎಲ್ಲಾರ್ದೂ ಇಷ್ಟೇ ಭಾರ ಅನ್ಕೊಂಡೆ ತಾತ."

"ಆದ್ರೂ ಎದೆ ಸಾಲ್ದು ಕಣ್ರೀ" ಅಂತ ಕೋಚು ಅವನನ್ನ ಮನೆಗೆ ಕಳಿಸೇಬುಟ್ರು.

ಅವ್ನು ತಾನೇ ಸೆಲೆಕ್ಷನ್‌ಗೋಗಿ ಪಾಸಾದ. ಈಗ ಅವನ ಫೋಟೋ ಕೋಚ್ ಮನೆ ಬೋರ್ಡ್ ಮೇಲಿದೆ. ಹೊಸಬರು ಬಂದ್ರೆ ಅದಕ್ಕೇ ಬೆರಳಿಟ್ಟು ತೋರಿಸ್ತಾರೆ:

"ನಮ್ ಶಿಷ್ಯ! ಎದೆ ನೋಡ್ರೀ, ಎದೆ!"